ಹಲಸೂರಿನ ಕೇಳುಗರು

ನಮ್ಮ ಮನೆಯಲ್ಲಿ ಕೂಗಿ ಹೇಳಬಹುದಾದ ಮಾತುಗಳಿಗೆ ಮಾತ್ರ ಜಾಗವಿತ್ತು. ನಾನು ಕೈಗೂಸಾಗಿದ್ದಾಗ ಬಂದ ವಿಷಮಜ್ವರ ಅಮ್ಮನನ್ನು ಬಿಟ್ಟು ಹೋಗುವಾಗ ಅವಳ ಎರಡು ಕಿವಿಗಳನ್ನೂ ಜೊತೆಗೇ ಒಯ್ದಿತ್ತು. ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ರೈಲು ಡಬ್ಬಿಗಳ ಹಾಗೆ ಒಂದರ ಹಿಂದೊಂದು ಮೂರು ಕೋಣೆಗಳಿದ್ದ ಮನೆ. ಮುಂದಿನ ಕೋಣೆಯಲ್ಲಿ ಅಪ್ಪನ ಕುರ್ಚಿ ಮತ್ತು ರೇಡಿಯೋ, ನಡುವೆ ಹಾಸಿಗೆಗಳ ಸುರುಳಿ, ಹಿಂದೆ ಅಡುಗೆಮನೆ. ಅಪ್ಪ ಕುರ್ಚಿಯಲ್ಲಿ ಕೂತು "ಕಾಫೀ" ಎಂದರೆ ಅದು ಗಲ್ಲಿಯ ಕೊನೆಯ ಸೌದೆ ಡಿಪೋದವರಿಗೂ ಕೇಳಿಸುತ್ತಿತ್ತು, ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಮಾತ್ರ ಕೇಳಿಸುತ್ತಿರಲಿಲ್ಲ. ನಾನು ಓಡಿ ಹೋಗಿ ಅವಳ ಸೆರಗು ಎಳೆದು, ಲೋಟ ಎತ್ತಿ ಕುಡಿಯುವಂತೆ ಮಾಡಿ ತೋರಿಸಬೇಕಿತ್ತು. ಹೊಸದಾಗಿ ಬಂದ ನೆರೆಯವರು ನಮ್ಮ ಮನೆಯಲ್ಲಿ ದಿನಾ ಜಗಳ ಎಂದುಕೊಳ್ಳುತ್ತಿದ್ದರು. ಜಗಳವಾಡುವಷ್ಟು ಮಾತು ನಮ್ಮಲ್ಲಿ ಇರಲೇ ಇಲ್ಲ.

ಅಪ್ಪ ಕೆ.ಆರ್. ಪುರದ ಕಡೆಯ ಫ್ಯಾಕ್ಟರಿಗೆ ಬೆಳಿಗ್ಗೆ ಆರೂಕಾಲಿನ ಬಸ್ಸಿಗೆ ಹೊರಟರೆ ಬರುವಾಗ ಸಂಜೆ. ದಿನವಿಡೀ ಯಂತ್ರಗಳ ಸದ್ದಿನಲ್ಲಿದ್ದು ಬಂದವರಿಗೆ ಮನೆಯಲ್ಲಿ ಸದ್ದಿಲ್ಲದಿದ್ದರೇ ಸುಖ. ನಾನು ಹೋಗುತ್ತಿದ್ದುದು ಕಾನ್ವೆಂಟಿಗೆ. ಅಲ್ಲಿ ಕನ್ನಡದಲ್ಲೋ ತಮಿಳಿನಲ್ಲೋ ಮಾತಾಡಿ ಸಿಕ್ಕಿಬಿದ್ದವರ ಕುತ್ತಿಗೆಗೆ ಒಂದು ಮರದ ಬಿಲ್ಲೆ ನೇತುಹಾಕುತ್ತಿದ್ದರು. ಇನ್ನೊಬ್ಬರು ಸಿಕ್ಕಿಬೀಳುವ ತನಕ ಅದನ್ನು ಹೊತ್ತು ತಿರುಗಬೇಕು. ಆ ಬಿಲ್ಲೆಯ ದಾರಕ್ಕೆ ಎಷ್ಟೋ ಹುಡುಗಿಯರ ಬೆವರಿನ ವಾಸನೆ ಹತ್ತಿತ್ತು. ನನ್ನ ಇಂಗ್ಲಿಷ್ ತಪ್ಪಾದೀತೆಂಬ ಭಯ, ಕನ್ನಡ ಬಾಯಿಗೆ ಬಂದೀತೆಂಬ ಭಯ; ಹಾಗಾಗಿ ನಾನು ಏನೂ ಆಡುತ್ತಿರಲಿಲ್ಲ. ಸಿಸ್ಟರ್ ನನ್ನ ಪ್ರೋಗ್ರೆಸ್ ಕಾರ್ಡಿನಲ್ಲಿ 'ವಿಧೇಯಳು' ಎಂದು ಬರೆದಿದ್ದರು. ಹೊಟ್ಟೆ ನೋವು ಎಂಬುದನ್ನು ಅಮ್ಮನಿಗೆ ಹೊಟ್ಟೆ ಹಿಡಿದುಕೊಂಡು ಕೂಗಿ ಹೇಳಬಹುದು. ಊಟದ ಬೆಂಚಿನಲ್ಲಿ ನನ್ನ ಪಕ್ಕ ಯಾರೂ ಕೂರುವುದಿಲ್ಲ ಎಂಬುದನ್ನು ಕೂಗಿ ಹೇಳುವುದು ಹೇಗೆ?

ಅಂಥ ಮಾತುಗಳನ್ನು ನಾನು ಕೂಡಿಟ್ಟುಕೊಂಡು ಲಲಿತತ್ತೆಗೆ ಹೇಳುತ್ತಿದ್ದೆ. ಅತ್ತೆ ಅಪ್ಪನ ತಂಗಿ. ಕಾಕ್ಸ್ ಟೌನಿನ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದಳು, ನಮ್ಮ ಜೊತೆಗೇ ಇದ್ದಳು. ಮನೆಯಲ್ಲಿ ಅಮ್ಮನೊಡನೆ ಕೂಗದೆ ಮಾತಾಡಬಲ್ಲವಳು ಅವಳೊಬ್ಬಳೇ. ಎದುರಿಗೆ ಕೂತು, ಗಲ್ಲ ಸ್ವಲ್ಪ ಎತ್ತಿ, ಒಂದೊಂದು ಅಕ್ಷರವನ್ನೂ ತುಟಿಯ ಮೇಲೆ ಕೂರಿಸಿ ಹೇಳುತ್ತಿದ್ದಳು: "ಅತ್ತಿಗೆ, ಇವತ್ತು, ಹುರುಳಿಕಾಯಿ, ತಂದಿದೀನಿ." ಅಮ್ಮ ಅವಳ ತುಟಿ ನೋಡಿ ನಗುತ್ತಿದ್ದಳು. ನನಗೆ ಕನ್ನಡ ಬರೆಯಲು ಕಲಿಸಿದವಳೂ ಅತ್ತೆಯೇ. ಕಾನ್ವೆಂಟಿನಲ್ಲಿ ಕನ್ನಡಕ್ಕೆ ವಾರಕ್ಕೆರಡು ಪೀರಿಯಡ್, ಅದರಲ್ಲೊಂದು ಹಾಡಿಗೆ ಹೋಗುತ್ತಿತ್ತು. ಅಡುಗೆಮನೆಯ ಕೆಂಪು ನೆಲದ ಮೇಲೆ ಸೀಮೆಸುಣ್ಣ ಹಿಡಿಸಿ, ನನ್ನ ಕೈಮೇಲೆ ಕೈಯಿಟ್ಟು ಬರೆಸುತ್ತಿದ್ದಳು. ತಲೆಕಟ್ಟಿನ ಕೊನೆಯನ್ನು ಚೂರು ಮೇಲಕ್ಕೆತ್ತಬೇಕು, ಕೊಡೆಯ ಹಿಡಿಯ ಹಾಗೆ. ಅದು ಅವಳ ಅಕ್ಷರ. ನನ್ನದೂ ಅದೇ ಆಯಿತು.

ರೇಡಿಯೋ ಸ್ಟೇಷನ್ನಿನಲ್ಲಿ ಧ್ವನಿ ಪರೀಕ್ಷೆ ಇದೆ ಎಂಬ ಸುದ್ದಿ ತಂದವರು ಎದುರು ಮನೆಯ ಕಣ್ಣಮ್ಮ ಆಂಟಿ. ಅವರ ತಮ್ಮ ಅಲ್ಲಿ ವೀಣೆ ನುಡಿಸಲು ಹೋಗುತ್ತಿದ್ದ. ಅತ್ತೆ ಅಪ್ಪನಿಗೆ ಹೇಳದೆ ಅರ್ಜಿ ಹಾಕಿ, ಹೇಳದೆ ಹೋಗಿ, ಆರಿಸಿ ಬಂದಮೇಲೆ ಹೇಳಿದಳು. ಅಲ್ಲಿನ ಆಫೀಸರು ಅವಳನ್ನು ಕೇಳಿದರಂತೆ, ಇಷ್ಟು ಬಿಡಿಸಿ ಮಾತಾಡೋದನ್ನು ಎಲ್ಲಿ ಕಲಿತಿರಿ, ನಾಟಕದಲ್ಲಾ, ಎಂದು.

"ನಮ್ಮ ಅತ್ತಿಗೆಗೆ ಕಿವಿ ಕೇಳ್ಸಲ್ಲ ಸಾರ್, ಅಂದೆ. ನಕ್ಕುಬಿಟ್ಟರು, ಅಣ್ಣ. ಆಮೇಲೆ ನಗೋದು ನಿಲ್ಲಿಸಿ ನನ್ನ ಹೆಸರು ಬರ್ಕೊಂಡ್ರು."

ಅಪ್ಪ ನಗಲಿಲ್ಲ. ತಿಂಗಳಲ್ಲಿ ಇಷ್ಟು ದಿನ ಎಂದು ಕರೆಸಿಕೊಳ್ಳುವ ಹಂಗಾಮಿ ಕೆಲಸ. ಬೆಳಗಿನ ಪಾಳಿಗೆ ಹೆಂಗಸರನ್ನು ಕರೆದೊಯ್ಯಲು ಕತ್ತಲಿರುವಾಗಲೇ ಜೀಪು ಬಂದು ಗಲ್ಲಿಯ ಬಾಯಲ್ಲಿ ನಿಲ್ಲುತ್ತದೆ.

"ಜೀಪು ನೋಡಿ ಜನ ಏನಂತಾರೆ ಗೊತ್ತಾ?"

"ಏನಂತಾರೆ? ಲಲಿತಮ್ಮ ಜೀಪಲ್ಲಿ ಹೋದ್ರು ಅಂತಾರೆ."

"ತಮಾಷೆ ಸಾಕು. ನೋಡು, ಒಂದು ವರ್ಷ ಕೊಡ್ತೀನಿ. ಅಷ್ಟರಲ್ಲಿ ಕಾಯಂ ಆದ್ರೆ ಸರಿ. ಇಲ್ದಿದ್ರೆ ನಾನು ತೋರಿಸಿದ ಗಂಡಿಗೆ ತಲೆ ಬಗ್ಗಿಸಿ ಕೊರಳು ಕೊಡ್ಬೇಕು. ಆಗ ಅದು ಇದು ಅನ್ನಬಾರದು."

"ಅನ್ನಲ್ಲ," ಎಂದಳು ಅತ್ತೆ. ಅಮ್ಮ ಬಾಗಿಲಲ್ಲಿ ನಿಂತು ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು.

ಅಂದಿನಿಂದ ಮನೆಯಲ್ಲಿ ಹೊಸ ಅಭ್ಯಾಸ ಶುರುವಾಯಿತು. ಅತ್ತೆ ನಡುಕೋಣೆಯಲ್ಲಿ ಪೇಪರ್ ಓದುವಳು, ನಾನು ಮುಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುವೆ. ಒಂದು ಮಾತು ತಿಳಿಯದಿದ್ದರೂ ಚಮಚದಿಂದ ಲೋಟಕ್ಕೆ ಬಡಿಯಬೇಕು. ಹಾಳೆಗಳಿಗೆ ಗುಂಡುಸೂಜಿ ಚುಚ್ಚಬಾರದು, ಮೈಕಿಗೆ ತಿರುವುವ ಸದ್ದು ಕೇಳುತ್ತದೆ. ಒಂದೊಂದೇ ಹಾಳೆಯನ್ನು ಎತ್ತಿ ಪಕ್ಕಕ್ಕೆ ಜಾರಿಸಬೇಕು. ಗಾಜಿನ ಬಳೆಗಳನ್ನು ತೆಗೆದು ರೇಡಿಯೋದ ಪಕ್ಕ ಇಟ್ಟು ಹೋಗುತ್ತಿದ್ದಳು. "ಬರಿಗೈಲಿ ಹೋಗ್ತೀಯೇನೇ" ಎಂದು ಅಮ್ಮ, ತನ್ನ ಧ್ವನಿಯ ಅಳತೆ ತನಗೇ ತಿಳಿಯದೆ, ಇಡೀ ಗಲ್ಲಿಗೆ ಕೇಳುವಂತೆ ಗದರುತ್ತಿದ್ದಳು.

"ಎಷ್ಟು ಸಾವಿರ ಜನ ಕೇಳ್ತಾರೆ ಅತ್ತೆ? ಭಯ ಆಗಲ್ವಾ?" ಎಂದು ಒಮ್ಮೆ ಕೇಳಿದೆ.

"ಸಾವಿರ ಜನಕ್ಕೆ ಮಾತಾಡಬೇಡಿ, ಒಬ್ಬರಿಗೇ ಹೇಳಿ ಅಂದಿದಾರೆ ಆಫೀಸರು. ಅದಕ್ಕೆ ನಾನು ನಿನ್ನನ್ನ ನೆನೆಸ್ಕೋತೀನಿ. ಗೋಡೆ ಕಡೆ ತಿರುಗಿ ಕೂತಿರ್ತೀಯಲ್ಲ, ನಿನ್ನ ಎರಡು ಜಡೆ ಕಾಣುತ್ತೆ."

ಈ ಮಾತನ್ನು ನಾನು ಅಕ್ಷರಶಃ ನಂಬಿದೆ.

ಆದರೆ ಆರು ತಿಂಗಳಲ್ಲಿ ಅತ್ತೆ ಶಾಲೆ ಬಿಟ್ಟಳು. ಕತ್ತಲಲ್ಲಿ ಹೋಗುವಳು, ಬಂದು ಉಂಡು ಮಧ್ಯಾಹ್ನ ಮಲಗುವಳು. ನಾನು ನಾಲ್ಕಕ್ಕೆ ಮನೆಗೆ ಬಂದಾಗ ನಡುಕೋಣೆಯಲ್ಲಿ ಅವಳು ಗೋಡೆ ಕಡೆ ತಿರುಗಿ ನಿದ್ದೆ ಹೋಗಿರುತ್ತಿದ್ದಳು. ಅಮ್ಮ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ದಾಟಿಸುತ್ತಿದ್ದಳು. ಸದ್ದೇ ಕೇಳದ ಅಮ್ಮ ಎಲ್ಲರಿಗಿಂತ ಚೆನ್ನಾಗಿ ಸದ್ದು ಕಾಯುತ್ತಿದ್ದಳು. ಎದ್ದ ಮೇಲೆ ನಾಳೆಯ ಹಾಳೆಗಳು, ಇಸ್ತ್ರಿ, ಬೇಗ ಊಟ, ಬೇಗ ನಿದ್ದೆ. ಚಮಚ-ಲೋಟದ ಅಭ್ಯಾಸ ಅವಳಿಗೆ ಇನ್ನು ಬೇಕಿರಲಿಲ್ಲ. ಕೂಡಿಟ್ಟ ಮಾತುಗಳು ನನ್ನೊಳಗೇ ಉಳಿದುಕೊಂಡವು. ಬೇಸರವೆಂದು ಕೂಡ ಅದನ್ನು ಕರೆಯಲು ನನಗೆ ತಿಳಿಯುತ್ತಿರಲಿಲ್ಲ. ಮಾರ್ಕೆಟ್ಟಿನಿಂದ ಬರುತ್ತಿದ್ದ ಬಾಳೆಲೆಯ ಹಸಿ ವಾಸನೆ, ಕಣ್ಣಮ್ಮ ಆಂಟಿಯ ಮನೆಯ ಗ್ರೈಂಡರಿನ ಗರಗರ, ಇವನ್ನು ಮೂಸುತ್ತ, ಕೇಳುತ್ತ ಹೊಸಿಲಿನ ಮೇಲೆ ಕೂತಿರುತ್ತಿದ್ದೆ.

ಆಗಲೇ ಅತ್ತೆಗೆ ಪ್ರತಿ ಬುಧವಾರ ಸಂಜೆ ಕೇಳುಗರ ಪತ್ರಗಳಿಗೆ ಉತ್ತರ ಹೇಳುವ ಕಾರ್ಯಕ್ರಮ ಸಿಕ್ಕಿದ್ದು. ಹದಿನೈದು ನಿಮಿಷ. ನಾನು ರೇಡಿಯೋದ ಬಟ್ಟೆಯ ಪರದೆಗೆ ಹಣೆ ತಾಗಿಸಿ ಕೂರುತ್ತಿದ್ದೆ. ಅಮ್ಮ ಕೆಲಸ ಬಿಟ್ಟು ಬಂದು ಪೆಟ್ಟಿಗೆಯ ತಲೆಯ ಮೇಲೆ ಅಂಗೈ ಇಡುತ್ತಿದ್ದಳು. ಮರದೊಳಗಿಂದ ಬರುವ ನಡುಕದಲ್ಲಿ ಅವಳಿಗೆ ಏನು ತಿಳಿಯುತ್ತಿತ್ತೋ, ಕಾರ್ಯಕ್ರಮ ಮುಗಿದಾಗ ಸರಿಯಾಗಿ ಕೈ ತೆಗೆಯುತ್ತಿದ್ದಳು. ಒಳಗೆ ಅತ್ತೆ ಭದ್ರಾವತಿಯ ಯಾರಿಗೋ, ಅರಸೀಕೆರೆಯ ಯಾರಿಗೋ, ನಿಧಾನವಾಗಿ, ಅವಸರವೇ ಇಲ್ಲದೆ, ಅವರ ಪಕ್ಕದಲ್ಲೇ ಕೂತಂತೆ ಮಾತಾಡುತ್ತಿದ್ದಳು. ನನ್ನ ಜಡೆಗಳನ್ನು ನೆನೆಸಿಕೊಂಡು ಅವರೊಡನೆ ಮಾತಾಡುತ್ತಿದ್ದಾಳೆ ಎಂದು ಹೊಟ್ಟೆ ಉರಿಯಿತು.

ಸ್ಟೇಷನ್ನಿನವರ ಮನೆಯವರು ಪತ್ರ ಬರೆಯುವ ಹಾಗಿಲ್ಲ ಎಂದು ಅತ್ತೆ ಊಟದ ಹೊತ್ತಿನಲ್ಲಿ ಒಮ್ಮೆ ಹೇಳಿದ್ದಳು. ಆದ್ದರಿಂದ ಅಪ್ಪನ ಡ್ರಾಯರಿನಿಂದ ಒಂದು ಪೋಸ್ಟ್‌ಕಾರ್ಡ್ ತೆಗೆದು, 'ಶಾರದಾ, ಹಲಸೂರು' ಎಂಬ ಹೆಸರಿನಲ್ಲಿ ಬರೆದೆ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲದಿದ್ದರೆ ಏನು ಮಾಡಬೇಕು? ಮೂರನೆಯ ಬುಧವಾರ ರೇಡಿಯೋದಲ್ಲಿ ಅತ್ತೆ ಹೇಳಿದಳು:

"ಹಲಸೂರಿನ ಶಾರದಾ ಅವರೇ, ನಿಮ್ಮ ಪ್ರಶ್ನೆ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಿಮ್ಮ ಹಾಗೆಯೇ ಮಾತಿಗಾಗಿ ಕಾಯುತ್ತಿರುವವರು ನಿಮ್ಮ ಮನೆಯಲ್ಲಿಯೇ ಇನ್ನೊಬ್ಬರು ಇರಬಹುದು. ಹುಡುಕಿ ನೋಡಿ."

ನನ್ನ ಅತ್ತೆ ನನ್ನನ್ನು 'ಅವರೇ' ಎಂದಳು. ನನಗಾಗಿ ಸುಮ್ಮನೆ ಕುಳಿತಳು. ಉಳಿದ ಮಾತು ನನ್ನ ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಮುಂದಿನ ವಾರ 'ಕಮಲಮ್ಮ, ಕಾಕ್ಸ್ ಟೌನ್' ಆದೆ, ಆಮೇಲೆ 'ರುಕ್ಮಿಣಿ, ಕೆ.ಆರ್. ಪುರ'. ಕಮಲಮ್ಮನಿಗೆ ಮಾತು ಕೇಳದ ಮಗಳೊಬ್ಬಳನ್ನು ಕೊಟ್ಟೆ, ರುಕ್ಮಿಣಿಗೆ ಊಟದ ಹೊತ್ತಿನಲ್ಲಿ ಜೊತೆ ಸೇರಿಸದ ಓರಗಿತ್ತಿಯರನ್ನು. ಎಲ್ಲರಿಗೂ ಅತ್ತೆ ಉತ್ತರ ಕೊಟ್ಟಳು. ಬಂದ ಪತ್ರಗಳನ್ನು ಅಲ್ಲಿನ ಗುಮಾಸ್ತರು ಆರಿಸಿ ಬೇರೆ ಹಾಳೆಗೆ ನಕಲು ಮಾಡಿ ಕೊಡುತ್ತಿದ್ದುದರಿಂದ ನನ್ನ ಅಕ್ಷರ ಅವಳ ಕಣ್ಣಿಗೆ ಬೀಳಲಿಲ್ಲ. ಎಲ್ಲ ಕಾರ್ಡುಗಳನ್ನೂ ಮಾರ್ಕೆಟ್ಟಿನ ಒಂದೇ ಕೆಂಪು ಡಬ್ಬಿಗೆ ಹಾಕುತ್ತಿದ್ದೆ. ಕಾಕ್ಸ್ ಟೌನಿನ ಕಮಲಮ್ಮ ಹಲಸೂರಿನ ಮುದ್ರೆ ಬಿದ್ದ ಕಾಗದ ಬರೆಯಬಾರದು ಎಂದು ಹತ್ತು ವರ್ಷದವಳಿಗೆ ಹೊಳೆಯುವುದು ಹೇಗೆ?

"ಏನ್ ಸುಮಿ, ಉಂಗ ಅತ್ತೈಗೆ ಎಷ್ಟು ಲೆಟರ್ ಬರುತ್ತೆ ನೋಡು! ನಮ್ಮ ಹಲಸೂರಿಂದಾನೇ ಎಷ್ಟು ಜನ!" ಎಂದು ಕಣ್ಣಮ್ಮ ಆಂಟಿ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಹೆಮ್ಮೆಪಟ್ಟರು. ನಾನು ನೆಲ ನೋಡಿದೆ.

ವರ್ಷ ತುಂಬಲು ಎರಡು ತಿಂಗಳಿರುವಾಗ ಕಾಯಂ ಹುದ್ದೆಯ ಸಂದರ್ಶನಕ್ಕೆ ಅತ್ತೆಯ ಹೆಸರು ಬಂತು. ಅವಳು ಅಮ್ಮನ ರೇಷ್ಮೆ ಸೀರೆ ಉಟ್ಟು ಹೋದಳು. ಬೆಳಿಗ್ಗೆ ಹೋದವಳು ಊಟದ ಹೊತ್ತಿಗೆ ಮೊದಲೇ ಬಂದಳು. ಅಂದು ಶನಿವಾರ, ನಾನು ಮನೆಯಲ್ಲಿದ್ದೆ. ಅತ್ತೆ ಸೀರೆ ಬದಲಿಸಲಿಲ್ಲ, ಮಲಗಲಿಲ್ಲ. ನನ್ನನ್ನು ನಡುಕೋಣೆಗೆ ಕರೆದು ಬಾಗಿಲು ಹಾಕಿದಳು. ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಒಬ್ಬರು ಪಿಸುಗುಟ್ಟಿದ್ದನ್ನು ನಾನು ಅಂದು ಕೇಳಿದೆ.

"ಸುಮಿ. ಕಮಲಮ್ಮ ಯಾರು?"

ನಾನು ಹಾಸಿಗೆಯ ಸುರುಳಿಗೆ ಬೆನ್ನು ಒತ್ತಿ ನಿಂತೆ.

"ರುಕ್ಮಿಣಿ? ಹೇಳೇ. ಹನ್ನೊಂದು ಕಾರ್ಡು ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ರು. ಪಕ್ಕದಲ್ಲಿ ನಾನು ಬರೆದ ಅರ್ಜಿ. ಎಲ್ಲಾದರಲ್ಲೂ ಅದೇ ತಲೆಕಟ್ಟು, ಅದೇ ಕೊಡೆ ಹಿಡಿ. 'ನಿಮಗೆ ನೀವೇ ಪತ್ರ ಬರ್ಕೊಂಡು ಕಾರ್ಯಕ್ರಮ ಬೆಳೆಸ್ಕೊಂಡಿದೀರಾ' ಅಂದ್ರು. ನಾನು ಏನಂತ ಹೇಳ್ಲಿ?"

"ನಾನು ಬರೆದೆ ಅಂತ ಹೇಳ್ಲಿಲ್ವಾ?"

"ಹೇಳಿದ್ರೆ ಮಗು ಕೈಲಿ ಬರೆಸಿದೀರಾ ಅಂತಾರೆ."

ಅವಳು ಹೊಡೆದಿದ್ದರೆ ಚೆನ್ನಾಗಿತ್ತು. ತನ್ನ ಬರಿಗೈಯನ್ನು ನನ್ನ ಬರೆಯುವ ಕೈಮೇಲಿಟ್ಟು, ಹಿಂದೆ ಅಕ್ಷರ ತಿದ್ದಿಸುವಾಗ ಇಡುತ್ತಿದ್ದ ಹಾಗೆ, ಸುಮ್ಮನೆ ಕೂತಳು. ಸಂಜೆ ಅಪ್ಪನಿಗೆ ತಿಳಿಯಿತು. "ಸರಿ ಹೋಯ್ತಲ್ಲ," ಎಂದರು ಅಪ್ಪ, ಮಾತಿನಲ್ಲಿ ಸಮಾಧಾನವೇ ಇತ್ತು. "ಜಾತಕ ತರಿಸ್ತೀನಿ." ಅಮ್ಮ ಎಲ್ಲರ ಮುಖ ನೋಡಿ "ಏನಾಯ್ತು? ಏನಾಯ್ತು ಅಂದ್ರೆ ಯಾರಾದ್ರೂ ಹೇಳ್ರೋ" ಎಂದು ಕೇಳುತ್ತಲೇ ಇದ್ದಳು. ಯಾರೂ ಹೇಳಲಿಲ್ಲ. ತುಟಿ ಬಿಡಿಸಿ ಹೇಳುವ ಚೈತನ್ಯ ಅತ್ತೆಗಿರಲಿಲ್ಲ. ನಮಗೆ ಕೂಗಬೇಕು, ಕೂಗಿದರೆ ಗಲ್ಲಿಗೆಲ್ಲ ತಿಳಿಯುತ್ತದೆ. ಅಮ್ಮ ತಣ್ಣಗಾದ ಸಾರನ್ನು ಮತ್ತೆ ಮತ್ತೆ ಬಿಸಿ ಮಾಡಿದಳು.

ಸೋಮವಾರ ಅತ್ತೆ ನನ್ನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದಳು. ನಾನು ಕಾನ್ವೆಂಟಿನ ಯೂನಿಫಾರಂನಲ್ಲೇ ಇದ್ದೆ, ಪಿನಾಫೋರಿನ ಬೆಲ್ಟು ಬಿಗಿಯಾಗಿತ್ತು. ಆಫೀಸರ ಕೋಣೆಯ ಬಾಗಿಲು ದಪ್ಪ. ಅದು ಮುಚ್ಚಿಕೊಂಡಾಗ ಹೊರಗಿನ ರಸ್ತೆ ಇದ್ದಕ್ಕಿದ್ದಂತೆ ಇಲ್ಲವಾಯಿತು. ಅಮ್ಮನಿಗೆ ಯಾವಾಗಲೂ ಹೀಗೇ ಇರಬೇಕು ಎನ್ನಿಸಿತು. ಆಫೀಸರು ವಯಸ್ಸಾದವರು, ಕಿವಿಯಲ್ಲಿ ಕೂದಲಿತ್ತು.

"ಬರ್ದಿದ್ದು ನೀನೇನಮ್ಮಾ?"

ತಲೆಯಾಡಿಸಿದೆ.

"ಯಾರು ಹೇಳಿಕೊಟ್ರು? ಅತ್ತೇನಾ?"

ಇಲ್ಲ ಎಂದು ತಲೆಯಾಡಿಸಿದೆ.

"ಮತ್ತೆ ಯಾಕೆ ಬರೆದೆ? ಬಾಯಿಬಿಟ್ಟು ಹೇಳ್ಬೇಕಪ್ಪ."

ಬಾಯಿ ಬಿಟ್ಟೆ. ಇಂಗ್ಲಿಷ್ ಬರಲಿಲ್ಲ, ಕನ್ನಡವೂ ಬರಲಿಲ್ಲ. ಅತ್ತೆ ಮುಂದೆ ಬಾಗಿ, "ಸಾರ್, ಅವಳಿಗೊಂದು ಕಾಗದ ಕೊಡಿ" ಎಂದಳು. ಕೊಟ್ಟರು. ನಾನು ಮೇಜಿನ ಅಂಚಿಗೆ ಗಲ್ಲ ತಾಗುವಂತೆ ನಿಂತು, ಕೊಡೆ ಹಿಡಿಗಳನ್ನೆಲ್ಲ ಸರಿಯಾಗಿ ಎಳೆದು ಬರೆದೆ: 'ಮನೆಯಲ್ಲಿ ಅತ್ತೆ ನಿದ್ದೆ ಮಾಡುತ್ತಿರುತ್ತಾರೆ. ರೇಡಿಯೋದಲ್ಲಿ ಎಚ್ಚರವಾಗಿರುತ್ತಾರೆ.'

ಆಫೀಸರು ಓದಿ, ಕನ್ನಡಕ ತೆಗೆದು, ಕಾಗದವನ್ನು ಅತ್ತೆಯ ಕಡೆಗೆ ಸರಿಸಿದರು. ಅತ್ತೆ ಅದನ್ನು ಓದಿದಳು. ಆಮೇಲೆ ಕಿಟಕಿಯ ಕಡೆ ತಿರುಗಿದಳು. ಅವಳ ಎದುರಿಗಿದ್ದ ಕಿಟಕಿಗೆ ಪರದೆ ಎಳೆದಿತ್ತು.

ಅವಳ ಮೇಲಿನ ಆರೋಪ ಹೋಯಿತು. ಆದರೆ ಪತ್ರಗಳ ಕಾರ್ಯಕ್ರಮ ಇನ್ನೊಬ್ಬರಿಗೆ ಹೋಯಿತು, ಇಲ್ಲಿನ ಕಾಯಂ ಹುದ್ದೆಯೂ ಅವರಿಗೇ. ಧಾರವಾಡದಲ್ಲಿ ಸುದ್ದಿ ವಿಭಾಗಕ್ಕೆ ಕಾಯಂ ಆಗಿ ಒಬ್ಬರು ಬೇಕಾಗಿದ್ದಾರೆ, ಅಷ್ಟು ದೂರ ಒಬ್ಬಳೇ ಹೋಗುವ ಧೈರ್ಯವಿದ್ದರೆ ಬರೆದುಕೊಡುತ್ತೇನೆ ಎಂದು ಆಫೀಸರು ಹೇಳಿದರು. ಅತ್ತೆ ಮನೆಗೆ ಬಂದು ಹೇಳುವ ಮೊದಲೇ ಒಪ್ಪಿಕೊಂಡಿದ್ದಳು.

"ವರ್ಷ ತುಂಬೋದ್ರೊಳಗೆ ಕಾಯಂ ಆಗಿದೀನಿ ಅಣ್ಣ. ನೀನೇ ಹೇಳಿದ್ದು."

"ಧಾರವಾಡ ಅಂತ ನಾನು ಹೇಳಿದ್ನಾ?"

"ಹಲಸೂರು ಅಂತಾನೂ ಹೇಳಿರ್ಲಿಲ್ಲ."

ಅಪ್ಪ ಎದ್ದು ಹೋಗಿ ಅಂಗಳದಲ್ಲಿ ನಿಂತರು. ಆದರೆ ಟ್ರಂಕಿಗೆ ಹೊಸ ಬೀಗ ತಂದವರೂ ಅವರೇ. ಅವಳು ಹೊರಟ ದಿನ ನನ್ನ ಜಡೆ ಹೆಣೆದಳು. ಗಟ್ಟಿಯಾಗಿ ಹೆಣೆದಳು, ಹಣೆ ಎಳೆದಂತಾಯಿತು. "ನಿನ್ನಿಂದ ಹೋಗ್ತಿಲ್ಲ ಕಣೇ, ನಂಗೇ ಹೋಗ್ಬೇಕು ಅನ್ಸಿದೆ" ಎಂದಳು. ಅದು ನಿಜವೇ ಇರಬೇಕು. ಮುಂದೆ ಅವಳು ಭಾರದ ಟೇಪ್ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ನೆರೆ ಬಂದ ಊರುಗಳಿಗೆ, ಅಣೆಕಟ್ಟಿನ ಕೆಲಸ ನಡೆಯುವ ಕಡೆಗೆ ಹೋದಳು. ನೀರಿನಲ್ಲಿ ನಿಂತವರ ಬಾಯಿಗೆ ಮೈಕು ಹಿಡಿದು, ಬಿಡಿಸಿ ಹೇಳಿ ಎಂದು ಕೇಳಿದಳು. ಸುದ್ದಿಯನ್ನೂ ಓದಿದಳು. ಆ ದಾರಿಗೆ ಅವಳನ್ನು ನೂಕಿದ್ದು ನನ್ನ ಹನ್ನೊಂದು ಕಾರ್ಡುಗಳೇ ಎಂದು ನಂತರ ಅವಳು ನಗುತ್ತ ಹೇಳಿದ್ದುಂಟು. ಹತ್ತು ವರ್ಷದವಳಿಗೆ ಆ ನಗು ಸಿಕ್ಕಿರಲಿಲ್ಲ. ನಾನು ಕಾಗದ ಬರೆದೆ, ಅದಕ್ಕೇ ಅತ್ತೆ ಹೋದಳು. ನನಗೆ ಗೊತ್ತಿದ್ದುದು ಅಷ್ಟೇ. ನಡುಕೋಣೆಯಲ್ಲಿ ಈಗ ಸದ್ದು ಮಾಡಬಾರದೆಂಬ ಕಟ್ಟಳೆಯೂ ಇರಲಿಲ್ಲ. ನಾನು ಆದರೂ ತುದಿಗಾಲಲ್ಲಿ ದಾಟುತ್ತಿದ್ದೆ.

ಅಮ್ಮ ಹದಿನೈದು ದಿನ ಕಾದಳು. ಒಂದು ಮಧ್ಯಾಹ್ನ ನನ್ನನ್ನು ಅಡುಗೆಮನೆಯ ನೆಲದ ಮೇಲೆ ಎದುರಿಗೆ ಕೂರಿಸಿಕೊಂಡು, "ನೀನಾದ್ರೂ ಹೇಳು. ಅವಳ್ಯಾಕೆ ಹೋದ್ಲು?" ಎಂದಳು. ಕೂಗಲು ಬಾಯಿ ತೆರೆದೆ. ಮತ್ತೆ ಮುಚ್ಚಿದೆ. ಎದ್ದು ಹೋಗಿ ಅಪ್ಪನ ಡ್ರಾಯರಿನಲ್ಲಿ ಉಳಿದಿದ್ದ ಕೊನೆಯ ಪೋಸ್ಟ್‌ಕಾರ್ಡ್ ತಂದು, ಎರಡೂ ಬದಿಗೆ, ವಿಳಾಸದ ಜಾಗದಲ್ಲೂ ಬಿಡದೆ, ಶಾರದೆ ಕಮಲಮ್ಮ ರುಕ್ಮಿಣಿಯರನ್ನೆಲ್ಲ ಬರೆದು ಕೊಟ್ಟೆ. ಅಮ್ಮ ವಾರಪತ್ರಿಕೆಯನ್ನು ಜಾಹೀರಾತುಗಳ ಸಮೇತ ಓದುವವಳು. ಅವಳಿಗೆ ಒಂದು ಮಾತನ್ನು ಬರೆದು ತೋರಿಸಬಹುದೆಂದು ಇಷ್ಟು ವರ್ಷ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವಳು ಒಲೆಯ ಬೆಳಕಿಗೆ ಹಿಡಿದು ಎರಡು ಸಲ ಓದಿದಳು. ಆಮೇಲೆ, ಗಲ್ಲಿಯೆಲ್ಲ ಕೇಳುವಂತೆ, ಅಂದಳು:

"ನಂಗೂ ಒಂದು ಬರೀಬೋದಿತ್ತಲ್ಲೇ!"

ಎದುರು ಮನೆಯ ಗ್ರೈಂಡರು ನಿಂತಿತು. "ಎನ್ನ ಆಚ್ಚು ಸುಮಿ?" ಎಂದು ಕಣ್ಣಮ್ಮ ಆಂಟಿ, ಏನಾಯಿತೆಂದು, ಅಲ್ಲಿಂದಲೇ ತಮಿಳಿನಲ್ಲಿ ಕೇಳಿದರು. ಏನಿಲ್ಲ ಆಂಟಿ ಎಂದೆ. ಅಮ್ಮನಿಗೆ ಆ ಪ್ರಶ್ನೆಯೂ ಕೇಳಿರಲಿಲ್ಲ, ಉತ್ತರವೂ.

ಆಮೇಲೆ ನನ್ನ ಹಳೆಯ ಸ್ಲೇಟು ಅಡುಗೆಮನೆಯ ಗೂಡಿಗೆ ಬಂತು. ಊಟದ ಬೆಂಚಿನ ವಿಷಯ ಅದರಲ್ಲಿ ಬರೆದೆ, ಮರದ ಬಿಲ್ಲೆಯ ವಿಷಯ ಬರೆದೆ. ಅಮ್ಮ ಓದಿ, ಸೆರಗಿನ ತುದಿಯಿಂದ ಒರೆಸಿ, ಇನ್ನೂ ಬರಿ ಎಂದು ವಾಪಸು ಕೊಡುತ್ತಿದ್ದಳು. ಅತ್ತೆಯ ಜಾಗ ಅದರಿಂದ ತುಂಬಲಿಲ್ಲ. ಸ್ಲೇಟಿನಲ್ಲಿ ಎಂಟು ಸಾಲಿಗಿಂತ ಹೆಚ್ಚು ಹಿಡಿಸುವುದಿಲ್ಲ, ಬಳಪ ಕಿರಗುಟ್ಟುತ್ತದೆ. ಆದರೂ ಎಂಟು ಸಾಲು ಇತ್ತು.

ಮುಸ್ಸಂಜೆಯಲ್ಲಿ ನಮ್ಮ ಸೆಟ್ಟಿಗೆ ಧಾರವಾಡ ಸಿಗುತ್ತಿತ್ತು, ಗರಗರ ಸದ್ದಿನೊಳಗೆ ಹುದುಗಿಕೊಂಡು. ಅತ್ತೆ ಮೊದಲ ಬಾರಿ ಸುದ್ದಿ ಓದಿದ ಸಂಜೆ ನಾನು ರೇಡಿಯೋಗೆ ಹಣೆ ಕೊಟ್ಟು, ಮಡಿಲಲ್ಲಿ ಸ್ಲೇಟು ಇಟ್ಟುಕೊಂಡು ಕೂತೆ. ಅಮ್ಮ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟಳು. ಮಂತ್ರಿಗಳ ಭಾಷಣ, ಹತ್ತಿಯ ಬೆಳೆ, ರೈಲು. ಅತ್ತೆ ಯಾರ ಹೆಸರನ್ನೂ ಹಿಡಿದು ಕರೆಯಲಿಲ್ಲ. ಸುದ್ದಿಯಲ್ಲಿ ಯಾರನ್ನೂ ಕರೆಯುವುದಿಲ್ಲ. ನಾನು ಒಂದೊಂದೇ ಸುದ್ದಿ ಬರೆದು ತೋರಿಸಿದೆ. ಅಮ್ಮ ಅದನ್ನು ಕಣ್ಣಿನಿಂದಲೇ ತಳ್ಳಿಹಾಕಿದಳು.

"ಅದಲ್ಲ. ಅವಳು ಹೇಗಿದಾಳೆ?"

ನಾನು ಇನ್ನಷ್ಟು ಹತ್ತಿರ ಹೋದೆ. ಹತ್ತಿಯ ಬೆಳೆಯ ನಡುವೆ ಒಂದು ಕಡೆ, ಹಾಳೆ ಪಕ್ಕಕ್ಕೆ ಜಾರಿಸುವಷ್ಟು ಹೊತ್ತು, ಅವಳ ಮೂಗು ಕಟ್ಟಿದ್ದು ತಿಳಿಯಿತು. ಅದು ಸುದ್ದಿ ಕೇಳುತ್ತಿದ್ದ ಬೇರೆ ಯಾರಿಗೂ ತಿಳಿದಿರಲಾರದು. ಸ್ಲೇಟು ಒರೆಸಿ ಬರೆದೆ: 'ನೆಗಡಿ ಆಗಿದೆ.'

"ಅಯ್ಯೋ, ಆ ಊರಿನ ಗಾಳೀನೇ ಹಾಗಂತೆ! ಮೆಣಸಿನ ಸಾರು ಮಾಡ್ಕೊಂಡು ಬಿಸಿಬಿಸಿ ಕುಡೀಬೇಕಂತೆ ಅಂತ ಬರಿ. ಈಗಲೇ ಬರಿ. ಸ್ಲೇಟಲ್ಲಿ ಅಲ್ಲ ಕಣೇ, ಕಾರ್ಡಲ್ಲಿ."

ಅಪ್ಪ ಜೇಬಿನಿಂದ ಹೊಸ ಪೋಸ್ಟ್‌ಕಾರ್ಡ್ ತೆಗೆದು ಕೊಟ್ಟರು. ಅಮ್ಮ ಹೇಳಿದ ಹಾಗೆ ಮೆಣಸು, ಜೀರಿಗೆ, ಎರಡು ಎಸಳು ಬೆಳ್ಳುಳ್ಳಿ ಎಂದು ಬರೆದೆ. ಕೆಳಗೆ ಹೆಸರು ಹಾಕುವ ಜಾಗಕ್ಕೆ ಬಂದು ಪೆನ್ನು ನಿಂತಿತು. ಆಮೇಲೆ 'ಸುಮಿತ್ರಾ, ಹಲಸೂರು' ಎಂದು ಬರೆದೆ. ಆ ಹೆಸರಿನಲ್ಲಿ ನಾನು ಬರೆದ ಮೊದಲ ಕಾಗದ ಅದು.